ಹುಣಸೆಹಣ್ಣು ಕಂಡ ಕಮ್ಯುಟೇಟರ್

ರುದ್ರಮೂರ್ತಿ ಮೇಷ್ಟ್ರ ಬೂಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಇದು ಉತ್ಪ್ರೇಕ್ಷೆಯಲ್ಲ. ನಮ್ಮ ತರಗತಿಯ ಒಬ್ಬ, ಪೆನ್ನು ಬಿತ್ತೆಂದು ಅವರ ಕಾಲಬಳಿ ಬಗ್ಗಿ, ಬಾಚಿಕೊಂಡೇ ತೋರಿಸಿದ್ದ. ಬೂಟಷ್ಟೇ ಅಲ್ಲ, ಬೆಲ್ಟಿನ ಬಕಲ್ಲು, ಕೈಗಡಿಯಾರದ ಪಟ್ಟಿ, ಜೇಬಿಗೆ ಸಿಕ್ಕಿಸಿದ ಪೆನ್ನಿನ ಕ್ಯಾಪು, ಎಣ್ಣೆ ಹಚ್ಚಿ ಹಿಂದಕ್ಕೆ ಒತ್ತಿದ ಕೂದಲು, ಎಲ್ಲವೂ ಹೊಳೆಯುತ್ತಿದ್ದವು. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಆ ಧೂಳಿನಲ್ಲಿ ನಡೆದು ಬಂದವರು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಜೇಬಿನಿಂದ ಒಂದು ಹಳದಿ ಬಟ್ಟೆ ತೆಗೆದು, ಒಂದು ಕಾಲನ್ನು ಕಾಂಪೌಂಡಿನ ಕಟ್ಟೆಯ ಮೇಲಿಟ್ಟು ಒರೆಸಿ, ಇನ್ನೊಂದು ಕಾಲಿಟ್ಟು ಒರೆಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡ ಮೇಲೆಯೇ ಪಾಲಿಟೆಕ್ನಿಕ್ಕಿನ ಒಳಗೆ ಹೆಜ್ಜೆ. ಹೊರಗೆ ಇಷ್ಟು ಬೆಳಕಿದ್ದ ಮನುಷ್ಯನ ಒಳಗೂ ಸ್ವಲ್ಪವಾದರೂ ಬೆಳಕಿತ್ತೇ ಎಂಬುದು ಪ್ರಶ್ನೆ. ಇರಲಿಲ್ಲ ಎಂಬುದು ನನ್ನ ವಾದ. ಸಾಕ್ಷ್ಯ ಮುಂದಿದೆ, ತೀರ್ಪು ನಿಮ್ಮದು.

ರಾಜಾಜಿನಗರದ ಅಂಚಿನಲ್ಲಿದ್ದ ಆ ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಅವರು ನಮಗೆ ಎಲೆಕ್ಟ್ರಿಕಲ್ ಮೆಷಿನ್ಸ್ ಪಾಠ ಮಾಡುತ್ತಿದ್ದರು. ಪಾಠ ಎಂದೆನೇ? ತಪ್ಪು. ಡಿಕ್ಟೇಶನ್ ಕೊಡುತ್ತಿದ್ದರು.

"ಬರ್ಕೊಳಿ. ಹೆಡ್ಡಿಂಗು, ಸ್ಲಿಪ್ ರಿಂಗ್. ಅಂಡರ್‌ಲೈನ್. ಸ್ಲಿಪ್ ರಿಂಗ್ ಅಂದ್ರೆ ಶಾಫ್ಟಿನ ಮೇಲೆ ಕೂತಿರೋ ನುಣುಪಾದ ಅಖಂಡ ಉಂಗುರ. ಫುಲ್‌ಸ್ಟಾಪ್. ಮುಂದಿನ ಹೆಡ್ಡಿಂಗು, ಕಮ್ಯುಟೇಟರ್. ಅಂಡರ್‌ಲೈನ್. ಕಮ್ಯುಟೇಟರ್ ಅಂದ್ರೆ ತುಂಡು ತುಂಡು ಮಾಡಿರೋ ಉಂಗುರ. ಫುಲ್‌ಸ್ಟಾಪ್."

ಒಂದನ್ನು ಯಾಕೆ ಅಖಂಡವಾಗಿ ಬಿಟ್ಟರು, ಇನ್ನೊಂದನ್ನು ಯಾವ ಸಿಟ್ಟಿಗೆ ತುಂಡು ಮಾಡಿದರು ಎಂದು ಕೇಳಿದರೆ ಚಾಕ್‌ಪೀಸು ಕೆಳಗಿಟ್ಟು, ಬೆರಳು ಒಂದೊಂದಾಗಿ ಒರೆಸಿಕೊಂಡು ಹೇಳುತ್ತಿದ್ದರು: "ಯಾಕೆ ಅನ್ನೋದು ಡಿಗ್ರಿ ಓದೋರಿಗೆ ಕಣಯ್ಯಾ. ನೀವು ಡಿಪ್ಲೊಮಾ. ನಿಮಗೆ ಏನು ಅಂತ ಗೊತ್ತಾದ್ರೆ ಸಾಕು." ಇನ್ನೂ ಹಟ ಹಿಡಿದರೆ, "ಡೌಟು ಅನ್ನೋದು ಕೆಮ್ಮಿದ್ದಂಗೆ. ಒಬ್ಬನಿಗೆ ಬಂದ್ರೆ ಬೆಂಚಿಗೆಲ್ಲಾ ಹತ್ಕೊಳ್ಳುತ್ತೆ." ಅದಕ್ಕೂ ಬಗ್ಗದವನಿಗೆ ಕೊನೆಯ ಅಸ್ತ್ರ: "ಅದು ಸಿಲಬಸ್‌ನಲ್ಲಿಲ್ಲ." ಒಂದು ಮಧ್ಯಾಹ್ನ ಪಾಠದ ನಡುವೆ ಕರೆಂಟು ಹೋದಾಗ ಯಾರೋ "ಯಾವಾಗ ಬರುತ್ತೆ ಸಾರ್?" ಎಂದದ್ದಕ್ಕೂ ಅಭ್ಯಾಸಬಲದಿಂದ ಅದೇ ಉತ್ತರ ಬಂದಿತ್ತು.

ಎದುರು ಪಕ್ಷಕ್ಕೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುವುದು ಚರ್ಚಾಸ್ಪರ್ಧೆಯಲ್ಲಿ ಕಲಿತ ಮರ್ಯಾದೆ. ಆದ್ದರಿಂದ ಹೇಳುತ್ತೇನೆ: ಅವರ ಅಕ್ಷರ ಮುದ್ದಾಗಿತ್ತು. ಬಣ್ಣದ ಚಾಕ್‌ಪೀಸಿನಲ್ಲಿ ಅವರು ಬರೆಯುತ್ತಿದ್ದ ಯಂತ್ರದ ಚಿತ್ರ ಎಷ್ಟು ಸೊಗಸಾಗಿರುತ್ತಿತ್ತೆಂದರೆ ಮುಂದಿನ ಪೀರಿಯಡ್ಡಿನ ಮೇಷ್ಟ್ರು ಅಳಿಸಲು ಹಿಂಜರಿಯುತ್ತಿದ್ದರು. ಒಂದು ದಿನವೂ ತಡವಾಗಿ ಬಂದವರಲ್ಲ. ಯಾರಿಗೂ ಕೈ ಎತ್ತಿ ಹೊಡೆದವರಲ್ಲ. ಇಲ್ಲಿಗೆ ಅವರ ಪರವಾದ ಮಾತು ಮುಗಿಯಿತು.

ಅವರ ನಂಬಿಕೆ ಒಂದೇ: "ಹೊಳೆಯೋ ಮೆಷಿನ್ನೇ ಓಡೋ ಮೆಷಿನ್ನು." ಪ್ರಾಕ್ಟಿಕಲ್ಲಿನಲ್ಲಿ ನೀಟ್‌ನೆಸ್ಸಿಗೆಂದು ಅವರು ಅಂಕ ಇಡುತ್ತಿದ್ದರು. ಈ ಅಂಕವೇ ರಾಜಣ್ಣನನ್ನು ಹಿಡಿದು ಹಾಕಿದ್ದು.

ರಾಜಣ್ಣ ಮಲ್ಲತ್ತಹಳ್ಳಿಯ ಒಕ್ಕಲು ಮನೆಯವನು. ನನಗಿಂತ ಒಂದು ವರ್ಷ ಹಿರಿಯ. ಬೆಳಿಗ್ಗೆ ಎದ್ದು ಹಸು ಕರೆದು, ವಿಜಯನಗರದ ಮನೆಗಳಿಗೆ ಹಾಲು ಹಾಕಿ, ಅದೇ ಸೈಕಲ್ಲಿನಲ್ಲಿ ಪಾಲಿಟೆಕ್ನಿಕ್ಕಿಗೆ ಬರುತ್ತಿದ್ದ. ಅಂಗಿಯ ಮೇಲೆ ಹಾಲಿನ ಕಲೆ, ಪ್ಯಾಂಟಿನ ಅಂಚಿಗೆ ಕೆರೆ ಏರಿಯ ಮಣ್ಣು. ಹಿಂದಿನ ವರ್ಷದ ಮೆಷಿನ್ಸ್ ಪ್ರಾಕ್ಟಿಕಲ್ಲಿನಲ್ಲಿ ರುದ್ರಮೂರ್ತಿಗಳು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಈ ಕೈಲಿ ಮೀಟರ್ ಮುಟ್ತೀಯೇನಯ್ಯಾ? ಇದೇನು ಹಸು ಕೆಚ್ಚಲು ಅಂದ್ಕೊಂಡ್ಯಾ?" ಎಂದಿದ್ದರು. ಫೇಲು. ಉಳಿದೆಲ್ಲ ವಿಷಯ ಪಾಸಾಗಿ ಅದೊಂದು ಉಳಿದುಕೊಂಡಿತ್ತು. ಹಾಗಾಗಿ ಲ್ಯಾಬಿಗೆ ಮಾತ್ರ ನಮ್ಮ ಜೊತೆ ಬರುತ್ತಿದ್ದ.

ಅವನಿಗೆ ಆ ಸಲ ಪಾಸಾಗುವುದು ಎಷ್ಟು ಅಗತ್ಯವಾಗಿತ್ತೆಂದು ಎಲ್ಲರಿಗೂ ಗೊತ್ತಿತ್ತು. ತುಮಕೂರು ರಸ್ತೆಯ ಒಂದು ಕಾರ್ಖಾನೆಯವರು ಅವನನ್ನು ಅಪ್ರೆಂಟಿಸಾಗಿ ತೆಗೆದುಕೊಳ್ಳಲು ಒಪ್ಪಿದ್ದರು. "ದಸರಾ ಆದ್ಮೇಲೆ ಪರೀಕ್ಷೆ ಇದೆಯಲ್ಲ, ಪಾಸ್ ಮಾಡ್ಕೊಂಡು ಬಾ. ಅಲ್ಲೀವರೆಗೂ ಜಾಗ ಇಟ್ಟಿರ್ತೀವಿ" ಎಂದಿದ್ದರು. ರಾಜಣ್ಣನಿಗೆ ಅಂದಿನಿಂದ ಬೇರೆ ಮಾತೇ ಇರಲಿಲ್ಲ. ನಾನು ಮೇಷ್ಟ್ರ ಜೊತೆ ವಾದಕ್ಕಿಳಿದಾಗಲೆಲ್ಲ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದ. "ಸುಮ್ನಿರು ಗುರು. ನಿಂಗೆ ಗೆದ್ರೆ ಕಪ್ ಕೊಡ್ತಾರೆ. ನಂಗೆ ಅವರು ಸಿಟ್ಟಾದ್ರೆ ಮತ್ತೆ ಹಾಲಿನ ಕ್ಯಾನೇ ಗತಿ."

ಇನ್ನು ಯಂತ್ರದ ವಿಷಯ. ಪಾಲಿಟೆಕ್ನಿಕ್ಕಿನ ಅಧ್ಯಕ್ಷರು ಚಿಕ್ಕಪೇಟೆಯ ಸಗಟು ವ್ಯಾಪಾರಿ. ಅವರದೊಂದು ಚಿತ್ರಮಂದಿರ ಮುಚ್ಚಿದಾಗ ಅಲ್ಲಿ ಪ್ರೊಜೆಕ್ಟರಿನ ದೀಪಕ್ಕೆ ಡಿಸಿ ಕರೆಂಟು ಒದಗಿಸುತ್ತಿದ್ದ ಒಂದು ಹಳೆಯ ಯಂತ್ರವನ್ನು ನಮ್ಮ ಲ್ಯಾಬಿಗೆ ದಾನ ಮಾಡಿದ್ದರು. ಗೋಡೆಯ ಮೇಲೆ ಅವರ ಹೆಸರಿನ ಹಲಗೆಯೂ ಬಂದಿತ್ತು. ಆ ಯಂತ್ರದ ಸೊಗಸೆಂದರೆ, ಒಂದೇ ಶಾಫ್ಟು, ಅದರ ಮೇಲೆ ಒಂದೇ ತಂತಿಸುರುಳಿ. ಸುರುಳಿಯ ಒಂದು ತುದಿಯಲ್ಲಿ ಸ್ಲಿಪ್ ರಿಂಗುಗಳು, ಇನ್ನೊಂದು ತುದಿಯಲ್ಲಿ ಕಮ್ಯುಟೇಟರ್. ಎರಡರ ಮೇಲೂ ಬ್ರಷ್ಷುಗಳು ಒತ್ತಿ ಕೂತಿರುತ್ತವೆ. ಬ್ರಷ್ಷೆಂದರೆ ಹಲ್ಲುಜ್ಜುವುದಲ್ಲ, ಇದ್ದಿಲಿನ ಪುಟ್ಟ ಇಟ್ಟಿಗೆ, ಹಿಂದಿನಿಂದ ಸ್ಪ್ರಿಂಗು ಅದನ್ನು ಒತ್ತಿ ಹಿಡಿದಿರುತ್ತದೆ. ಉಂಗುರ ತಿರುಗುತ್ತದೆ, ಬ್ರಷ್ಷು ನಿಂತಲ್ಲೇ ನಿಂತು ಕರೆಂಟನ್ನು ಹೊರಗೆ ದಾಟಿಸುತ್ತದೆ. ಸ್ಲಿಪ್ ರಿಂಗಿನ ಕಡೆ ಹಿಂದೆ ಮುಂದೆ ತೂಗುವ ಏಸಿ, ಕಮ್ಯುಟೇಟರ್ ಕಡೆ ಒಂದೇ ದಿಕ್ಕಿಗೆ ಹರಿಯುವ ಡಿಸಿ. ಇಡೀ ಸಿಲಬಸ್ಸನ್ನು ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರ. ನಮ್ಮ ಮೇಷ್ಟ್ರು ಅದನ್ನು ಒರೆಸಿಡುತ್ತಿದ್ದರು.

ಒಂದು ದಿನ ಕೇಳಿದೆ: "ಸಾರ್, ಡಿಸಿ ಜನರೇಟರಿನ ಸುರುಳಿಯೊಳಗೆ ಹುಟ್ಟೋ ಕರೆಂಟು ಡಿಸೀನಾ?"

"ಹೆಸರೇ ಹೇಳುತ್ತಲ್ಲಪ್ಪಾ ಲಾಯರ್. ಡಿಸಿ ಜನರೇಟರಲ್ಲಿ ಡಿಸಿ ಹುಟ್ಟುತ್ತೆ. ಹಸೂಲಿ ಹಾಲು ಬರುತ್ತೆ. ಬೇಕಾದ್ರೆ ನಿನ್ನ ಫ್ರೆಂಡನ್ನ ಕೇಳು."

ತರಗತಿ ನಕ್ಕಿತು. ರಾಜಣ್ಣನೂ ನಕ್ಕ, ನಗಬೇಕಾಗಿತ್ತಲ್ಲ.

"ಹಂಗಾದ್ರೆ ಈ ಮೆಷಿನ್ನಲ್ಲಿ ಒಂದೇ ಸುರುಳಿ ಸಾರ್. ಈ ಕಡೆ ಏಸಿ ಬರುತ್ತೆ, ಆ ಕಡೆ ಡಿಸಿ ಬರುತ್ತೆ. ಒಂದೇ ಹಸು ಒಂದ್ಕಡೆ ಹಾಲು, ಇನ್ನೊಂದ್ಕಡೆ ಮಜ್ಜಿಗೆ ಕೊಡುತ್ತಾ?"

ಅವರು ಮತ್ತೆ ಯಂತ್ರ ಒರೆಸತೊಡಗಿದರು. ನಾನು ಬಿಡಲಿಲ್ಲ. ಸುರುಳಿಯ ಸುತ್ತಲಿನ ಕಾಂತಕ್ಕೆ ಬ್ಯಾಟರಿಯಿಂದ ಸ್ವಲ್ಪ ಕರೆಂಟು ಕೊಟ್ಟು, ರಾಜಣ್ಣನ ಕೈಯಿಂದ ಶಾಫ್ಟಿನ ಗಾಲಿಯನ್ನು ನಿಧಾನವಾಗಿ ತಿರುಗಿಸಿದೆ. ಮಧ್ಯದಲ್ಲಿ ಸೊನ್ನೆ ಇರುವ ಮೀಟರನ್ನು ಸ್ಲಿಪ್ ರಿಂಗಿನ ಬ್ರಷ್ಷಿಗೆ ಹಚ್ಚಿದಾಗ ಮುಳ್ಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ಅದೇ ಮೀಟರನ್ನು ಕಮ್ಯುಟೇಟರ್ ಬ್ರಷ್ಷಿಗೆ ಹಚ್ಚಿದೆ. ಮುಳ್ಳು ಬಲಕ್ಕೆ ವಾಲಿ, ಸ್ವಲ್ಪ ನಡುಗಿ, ಅಲ್ಲೇ ನಿಂತಿತು. ಒಳಗೆ ತೂಗಾಟವೇ, ಹೊರಗೆ ಮಾತ್ರ ಒಂದೇ ದಿಕ್ಕು.

ಹುಡುಗರಿಗೆ ಹೀಗೆ ವಿವರಿಸಿದೆ. "ವೇದಿಕೆ ಮೇಲೆ ಎರಡು ಮೇಜು ಇದೆ ಅಂದ್ಕೊಳಿ. ಒಂದು ಪರ, ಒಂದು ವಿರೋಧ. ನಾನು ಪರ ಮೇಜಲ್ಲಿ, ರಾಜಣ್ಣ ವಿರೋಧ ಮೇಜಲ್ಲಿ. ಗಂಟೆ ಹೊಡೆದ ತಕ್ಷಣ ಅದಲು ಬದಲು. ನಾನೇ ಹೋಗಿ ವಿರೋಧ ಮಾತಾಡ್ಬೇಕು. ಸುರುಳಿಯ ಎರಡು ಕೊನೆಗಳ ಪಾಡು ಇದೇ, ಅರ್ಧ ಸುತ್ತಿಗೊಂದ್ಸಲ ಜಾಗ ಬದಲಾಗುತ್ತೆ, ಮಾತು ಉಲ್ಟಾ ಆಗುತ್ತೆ. ಈಗ ನಾನು ಎಲ್ಲಿ ಹೋದ್ರೂ ನನ್ನ ಹಿಂದೇನೇ ಬರೋ ಒಬ್ಬ ಕೇಳುಗ ಇದಾನೆ. ಅವನ ಕಿವಿಗೆ ಒಂದ್ಸಲ ಪರ, ಒಂದ್ಸಲ ವಿರೋಧ. ಅದು ಸ್ಲಿಪ್ ರಿಂಗು. ಯಾವ ಕೊನೆಗೆ ಅಂಟ್ಕೊಂಡಿದ್ಯೋ ಅದನ್ನ ಬಿಡಲ್ಲ. ಇನ್ನೊಬ್ಬ ಕೇಳುಗ ಪರ ಮೇಜಿನ ಮುಂದೆ ಕುರ್ಚಿ ಹಾಕ್ಕೊಂಡು ಅಲ್ಲಾಡದೆ ಕೂತಿದಾನೆ. ನಾನು ಬಂದ್ರೂ ರಾಜಣ್ಣ ಬಂದ್ರೂ ಅವನಿಗೆ ಕೇಳೋದು ಪರ ಒಂದೇ. ಇದು ಕಮ್ಯುಟೇಟರ್. ಉಂಗುರ ಅಖಂಡವಾಗಿದ್ರೆ ಈ ಅದಲು ಬದಲು ಮಾಡೋಕಾಗುತ್ತಾ? ಅದಕ್ಕೇ ಅದನ್ನ ತುಂಡು ಮಾಡಿ, ತುಂಡು ತುಂಡಿನ ಮಧ್ಯೆ ಕರೆಂಟು ದಾಟದ ಹಂಗೆ ಅಭ್ರಕ ಇಟ್ಟಿರೋದು."

ಹಿಂದಿನ ಬೆಂಚಿನಿಂದ ಚಪ್ಪಾಳೆ ಬಂತು. ರುದ್ರಮೂರ್ತಿಗಳು ಮೀಟರನ್ನು ಕೈಗೆತ್ತಿಕೊಂಡರು. ಹಳದಿ ಬಟ್ಟೆಯಿಂದ ಅದರ ಗಾಜು ಒರೆಸಿದರು. ಕೆಳಗಿಟ್ಟರು.

"ಮೀಟರ್ ಹಾಳಾಗಿದೆ" ಎಂದರು.

ಆ ಕ್ಷಣದಲ್ಲಿ ಅವರು ನನಗೆ ಪೂರ್ತಿ ಅರ್ಥವಾದರು. ಪರ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ಅವರೇ. ಒಳಗೆ ಏನು ಬೇಕಾದರೂ ತಿರುಗಲಿ, ಅವರ ಕಡೆಗೆ ಹರಿಯುವುದು ಮಾತ್ರ ಒಂದೇ ದಿಕ್ಕಿನಲ್ಲಿ, ಅವರಿಗೆ ಅನುಕೂಲವಾದ ದಿಕ್ಕಿನಲ್ಲಿ.

ಆಯುಧಪೂಜೆ ಹತ್ತಿರ ಬಂತು. ಆ ದಿನಗಳಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಓಡಾಡಿದವರಿಗೆ ಗೊತ್ತು. ಲೇತಿನಿಂದ ಸೈಕಲ್ ಪಂಪಿನವರೆಗೆ ಒರೆಸದ ಕಬ್ಬಿಣ ಇರುವುದಿಲ್ಲ; ಬೂದುಗುಂಬಳಕಾಯಿ ಒಡೆಯದ ಬಾಗಿಲಿರುವುದಿಲ್ಲ. ವರ್ಷವಿಡೀ ದುಡಿದ ಯಂತ್ರಕ್ಕೆ ಒಂದು ದಿನ ವಿಶ್ರಾಂತಿ ಕೊಟ್ಟು ಹೂವು ಮುಡಿಸುವುದಕ್ಕೆ ನನ್ನಂಥ ನಂಬಿಕೆಯಿಲ್ಲದವನ ಆಕ್ಷೇಪವೂ ಇಲ್ಲ. ಆದರೆ ಆ ಹಬ್ಬ ರುದ್ರಮೂರ್ತಿಗಳ ಕೈಗೆ ಸಿಕ್ಕರೆ ಏನಾಗುತ್ತದೆಂದು ನೋಡಬೇಕಿತ್ತು. ಅಧ್ಯಕ್ಷರು ಪೂಜೆಗೆ ಬರುವವರಿದ್ದರು. ತಾವು ದಾನ ಮಾಡಿದ ಯಂತ್ರ ಓಡುವುದನ್ನು ನೋಡುವವರಿದ್ದರು. ಮೇಷ್ಟ್ರ ಕಣ್ಣು ಕಮ್ಯುಟೇಟರ್ ಮೇಲೆ ಬಿತ್ತು. ಅದು ಹೊಳೆಯುತ್ತಿರಲಿಲ್ಲ.

ಹೊಳೆಯಬಾರದು ಅದು. ಓಡಿ ಓಡಿ, ಇದ್ದಿಲೂ ತಾಮ್ರವೂ ಒಂದಕ್ಕೊಂದು ಉಜ್ಜಿ, ತಾಮ್ರದ ಮೇಲೆ ತೆಳ್ಳನೆಯ ಒಂದು ಪೊರೆ ಕಟ್ಟುತ್ತದೆ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ಆ ಪೊರೆ ಇದ್ದರೆ ಬ್ರಷ್ಷು ಸಲೀಸಾಗಿ ಜಾರುತ್ತದೆ, ಕಿಡಿ ಹಾರುವುದಿಲ್ಲ. ವರ್ಷಗಟ್ಟಲೆ ಸಿನಿಮಾ ತೋರಿಸಿದ ನಮ್ಮ ಯಂತ್ರಕ್ಕೆ ಅದು ಚೆನ್ನಾಗಿ ಕಟ್ಟಿತ್ತು. ಲೈಬ್ರರಿಯ ಪುಸ್ತಕದಲ್ಲಿ ಓದಿದ್ದೆ, ಹೋಗಿ ಹೇಳಿದೆ.

"ಸಾರ್, ಆ ಕಂದು ಬಣ್ಣ ಕೊಳೆಯಲ್ಲ. ಇರ್ಬೇಕು ಅದು."

"ನಿಮ್ಮನೇಲಿ ದೇವರ ದೀಪ ಕಪ್ಪಗಿದ್ರೆ ಹಂಗೇ ಹಚ್ತಾರೇನಯ್ಯಾ?"

"ದೀಪಕ್ಕೆ ಬ್ರಷ್ಷಿರಲ್ಲ ಸಾರ್."

"ಲಾಯರ್, ಮೊದಲು ನಿನ್ನ ನಾಲಿಗೆಗೆ ಹುಣಸೆಹಣ್ಣು ಹಾಕಿ ಉಜ್ಜಬೇಕು" ಎಂದರು. ಹಾಗೆಂದವರು ಒಂದು ಕ್ಷಣ ನಿಂತು, ತಮ್ಮದೇ ಮಾತನ್ನು ಮೆಚ್ಚಿದವರಂತೆ ತಲೆದೂಗಿಕೊಂಡು ಹೋದರು. ಅವರಿಗೆ ಅಲ್ಲಿ ಉಪಾಯ ಹೊಳೆದಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಮರುದಿನ ನಾನು ಚರ್ಚಾಸ್ಪರ್ಧೆಗೆಂದು ತುಮಕೂರಿಗೆ ಹೋಗಿದ್ದೆ. ಲ್ಯಾಬಿನಲ್ಲಿ ನಡೆದದ್ದನ್ನು ರಾಜಣ್ಣ ಆಮೇಲೆ ಹೇಳಿದ. ಮೇಷ್ಟ್ರು ಅವನನ್ನೇ ಕರೆದಿದ್ದರಂತೆ. "ಬಾರಯ್ಯಾ, ನಿನ್ನ ಕೈ ಒರಟು, ಚೆನ್ನಾಗಿ ಉಜ್ಜುತ್ತೆ. ನೀಟ್‌ನೆಸ್ ಮಾರ್ಕ್ಸು ಈ ಸಲ ಇಲ್ಲೇ ಸಂಪಾದಿಸ್ಕೋ." ಮೊದಲು ಉಪ್ಪುಕಾಗದ ಹಾಕಿ ತಿಕ್ಕಿಸಿದರು. ಕಂದು ಪೊರೆ ಹೋಯಿತು, ತಾಮ್ರ ಕೆಂಪಗೆ ಕಂಡಿತು, ಆದರೂ ಮೇಷ್ಟ್ರಿಗೆ ತೃಪ್ತಿಯಿಲ್ಲ. ಮನೆಯಿಂದ ತಂದಿದ್ದ ಹಿತ್ತಾಳೆ ಚೊಂಬನ್ನು ಚೀಲದಿಂದ ಹೊರತೆಗೆದರು. ಅದರಲ್ಲಿ ನೆನೆಸಿದ ಹುಣಸೆಹಣ್ಣು, ಮೇಲೊಂದು ಹಿಡಿ ಉಪ್ಪು. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಪೂಜೆಯ ಪಾತ್ರೆ ಬೆಳಗುವುದು ಹಾಗೆಯೇ. ರಾಜಣ್ಣ ಕಮ್ಯುಟೇಟರನ್ನೂ ಹಾಗೆಯೇ ಬೆಳಗಿದ. ಸ್ಲಿಪ್ ರಿಂಗುಗಳನ್ನೂ ಬೆಳಗಿದ. ಒದ್ದೆ ಬಟ್ಟೆಯಲ್ಲಿ ಒರೆಸಿದ. ಮೇಷ್ಟ್ರು ಬಗ್ಗಿ, ಅದರಲ್ಲಿ ತಮ್ಮ ಮುಖ ನೋಡಿಕೊಂಡು, "ಈಗ ನೋಡು, ಮದುಮಗಳು!" ಎಂದರಂತೆ.

"ನಿಂಗೆ ಗೊತ್ತಿತ್ತಲ್ಲೋ, ಬೇಡ ಅಂತ ಹೇಳೋಕಾಗ್ಲಿಲ್ವಾ?" ಎಂದು ಕೇಳಿದೆ.

"ಪ್ರಾಕ್ಟಿಕಲ್ಲು ಅವರ ಕೈಲಿದೆ ಗುರು. ಉಜ್ಜು ಅಂದ್ರು, ಉಜ್ದೆ. ಅವರ ಬೂಟು ಉಜ್ಜು ಅಂದಿದ್ರೂ ಉಜ್ತಿದ್ದೆ."

ಪೂಜೆಯ ದಿನ ಯಂತ್ರಕ್ಕೆ ಸೇವಂತಿಗೆ ಹಾರ, ಎರಡು ತುದಿಗೂ ವಿಭೂತಿಯ ಮೂರು ಮೂರು ಗೆರೆ, ಕುಂಕುಮ. ಅಧ್ಯಕ್ಷರು ಬಂದರು, ನೋಡಿದರು, ಹಿಗ್ಗಿದರು. "ಶಹಬ್ಬಾಸ್ ರುದ್ರಮೂರ್ತಿ! ನಮ್ಮ ಟಾಕೀಸಲ್ಲಿದ್ದಾಗ ಒಂದಿನಾನೂ ಹಿಂಗೆ ಹೊಳೀಲಿಲ್ಲ ಕಣ್ರೀ ಇದು."

"ನಮ್ಮ ಹುಡುಗರು ಸಾರ್. ನಾನು ಹೇಳ್ದೆ, ಅವರು ಮಾಡಿದ್ರು" ಎಂದರು ಮೇಷ್ಟ್ರು. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಮಂಗಳಾರತಿ ಆಯಿತು. ಕಡಲೆಪುರಿ ಹಂಚುವ ಮೊದಲು ಮೇಷ್ಟ್ರು ಸ್ವತಃ ಸ್ವಿಚ್ಚು ಹಾಕಿದರು. ಯಂತ್ರ ಗುಂಯ್‌ಗುಟ್ಟುತ್ತ ವೇಗ ಹಿಡಿಯಿತು. ಮೊದಲು ಬ್ರಷ್ಷಿನ ಬುಡದಲ್ಲಿ ನೀಲಿ ಕಿಡಿ ಕಂಡಿತು. "ಹೂವಿನ ಬಾಣ ಬಿಟ್ಟಂಗಿದೆ" ಎಂದು ಯಾರೋ ಮೆಚ್ಚಿದರು. ಆಮೇಲೆ ಕಿಡಿಗಳು ಒಂದರ ಕೈ ಒಂದು ಹಿಡಿದು, ಕಮ್ಯುಟೇಟರಿನ ಸುತ್ತ ಬೆಂಕಿಯದೊಂದು ಬಳೆಯಾದವು. ಢಬ್ಬೆಂದಿತು. ಹಾರ ಹೊತ್ತಿಕೊಂಡಿತು. ಫ್ಯೂಸು ಹೋಗಿ ಯಂತ್ರ ನರಳುತ್ತ ನಿಂತಾಗ ಲ್ಯಾಬಿನ ತುಂಬ ಅಡುಗೆಮನೆಯಲ್ಲಿ ಹುಳಿ ತಳ ಹತ್ತಿದ ವಾಸನೆ. ಅಧ್ಯಕ್ಷರು ಬಾಗಿಲಾಚೆ ಇದ್ದರು. ಅಷ್ಟು ಬೇಗ ಹೇಗೆ ಹೋದರೆಂದು ಯಾರಿಗೂ ಗೊತ್ತಾಗಲಿಲ್ಲ.

ಆದದ್ದು ಸರಳ. ತುಂಡುಗಳ ನಡುವಿನ ಸಂದಿಯಲ್ಲಿ ಉಪ್ಪೂ ಹುಳಿಯೂ ಸೇರಿದ ಒದ್ದೆ ಪಸೆ ಉಳಿದಿತ್ತು. ಒಂದರಿಂದೊಂದು ದೂರವಿರಬೇಕಾದ ತುಂಡುಗಳಿಗೆ ಅದೇ ಸೇತುವೆಯಾಯಿತು. ಸಂದಿಯೇ ಇಲ್ಲದ ಸ್ಲಿಪ್ ರಿಂಗು, ಅದೇ ಹುಣಸೆಹಣ್ಣು ತಿಂದೂ, ವಿಭೂತಿ ಧರಿಸಿ ತಣ್ಣಗೆ ಕೂತಿತ್ತು.

ಹಬ್ಬದ ರಜೆ ಮುಗಿದ ಮೇಲೆ ಅಧ್ಯಕ್ಷರ ಕೋಣೆಯಲ್ಲಿ ವಿಚಾರಣೆ. ಅಧ್ಯಕ್ಷರು, ಪ್ರಿನ್ಸಿಪಾಲರು, ರುದ್ರಮೂರ್ತಿಗಳು ಕುರ್ಚಿಯಲ್ಲಿ. ರಾಜಣ್ಣ ನಿಂತಿದ್ದ, ಅವತ್ತು ಅವನು ತೊಟ್ಟದ್ದು ಇಸ್ತ್ರಿ ಮಾಡಿದ ಅಂಗಿ. ಅವನ ಪರವಾಗಿ ಮಾತಾಡಲು ನಾನು. ಪ್ರಾಕ್ಟಿಕಲ್ಲಿಗೆ ಒಂದು ವಾರವೂ ಉಳಿದಿರಲಿಲ್ಲ.

"ಏನ್ ರುದ್ರಮೂರ್ತಿ, ಯಾರು ಮಾಡಿದ್ದು ಇದನ್ನ?" ಎಂದರು ಅಧ್ಯಕ್ಷರು.

"ಒರೆಸು ಅಂತ ಹೇಳಿದ್ದೆ ಸಾರ್, ಧೂಳು ಹೋಗ್ಲಿ ಅಂತ. ಹುಣಸೆಹಣ್ಣು ಹಾಕು ಅಂತ ಯಾವ ಇಂಜಿನಿಯರಾದ್ರೂ ಹೇಳ್ತಾನಾ? ಹಳ್ಳಿ ಹುಡುಗ, ಅತ್ಯುತ್ಸಾಹ."

ಪೂಜೆಯ ದಿನ 'ನಾನು ಹೇಳ್ದೆ, ಅವರು ಮಾಡಿದ್ರು' ಎಂದ ಬಾಯಿ ಇದು. ಅರ್ಧ ಸುತ್ತು ತಿರುಗಿತ್ತು.

ನಾನು ಚೀಲದಿಂದ ಚೊಂಬು ತೆಗೆದು ಮೇಜಿನ ಮೇಲಿಟ್ಟೆ. ಲ್ಯಾಬಿನ ಮೂಲೆಯಲ್ಲಿ ಸಿಕ್ಕಿತ್ತು. ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಾರಲ್ಲ, ಅದರ ಮೇಲೂ ಇತ್ತು: ಚಿ. ಸೌ. ಗಿರಿಜಾ, ಚಿ. ರುದ್ರಮೂರ್ತಿ. ತಳದಲ್ಲಿ ಇನ್ನೂ ಹುಣಸೆಯ ನಾರು ಅಂಟಿಕೊಂಡಿತ್ತು.

"ಮಲ್ಲತ್ತಹಳ್ಳೀಲಿ ಗಿರಿಜಾ ಅನ್ನೋರು ಯಾರೂ ಇಲ್ಲ ಸಾರ್" ಎಂದೆ.

ಪ್ರಿನ್ಸಿಪಾಲರು ಕೆಮ್ಮಿ ನಗು ನುಂಗಿಕೊಂಡರು. ಸ್ಪರ್ಧೆಯಾಗಿದ್ದರೆ ಅಲ್ಲಿಗೆ ಗಂಟೆ ಹೊಡೆದು ನನ್ನ ಕೈಗೆ ಕಪ್ಪು ಬರುತ್ತಿತ್ತು. ರುದ್ರಮೂರ್ತಿಗಳು ಚೊಂಬನ್ನು ತಿರುಗಿಸಿ ನೋಡಿದರು. ರೆಪ್ಪೆ ಕೂಡ ಅಲ್ಲಾಡಲಿಲ್ಲ.

"ಚೊಂಬು ನಮ್ದೇ ಸಾರ್. ಕುಡಿಯೋ ನೀರಿಗೆ ಅಂತ ಇಟ್ಟಿದ್ದೆ. ಅದರಲ್ಲೇ ಕಲಸಿದಾನೆ ನೋಡಿ. ಮೇಷ್ಟ್ರು ನೀರು ಕುಡಿಯೋ ಚೊಂಬು ಅನ್ನೋ ಜ್ಞಾನಾನೂ ಬೇಡ್ವಾ?"

ಇನ್ನರ್ಧ ಸುತ್ತು. ನನ್ನ ಸಾಕ್ಷ್ಯವೇ ಅವರ ಕಡೆಗೆ ಹರಿಯಿತು. ಅಷ್ಟು ಹಗುರವಾಗಿ, ಒಂದು ಕಿಡಿಯೂ ಹಾರದ ಹಾಗೆ ಮಾತು ಬದಲಾಯಿಸುವ ಕಲೆಯನ್ನು ಆ ಹಾಳಾದ ಕಮ್ಯುಟೇಟರು ಅವರಿಂದ ಕಲಿಯಬೇಕಿತ್ತು.

ಅಧ್ಯಕ್ಷರು ರಾಜಣ್ಣನನ್ನು ಕೇಳಿದರು: "ಏನಪ್ಪಾ, ನಿಜಾನಾ?" ಅವನು ರುದ್ರಮೂರ್ತಿಗಳನ್ನು ನೋಡಿದ, ನನ್ನನ್ನು ನೋಡಿದ. "ಉಜ್ಜಿದ್ದು ನಾನೇ ಸಾರ್" ಎಂದ. "ಪರೀಕ್ಷೆಗೊಂದು ಕೂರಿಸಿಬಿಡಿ ಸಾರ್. ಕೆಲಸ ಕಾಯ್ತಾ ಇದೆ."

ನಾನು ಅಧ್ಯಕ್ಷರ ಕಡೆ ತಿರುಗಿದೆ. "ಸಾರ್, ಹೊಳೆಯೋದು ನೋಡಿ ಶಹಬ್ಬಾಸ್ ರುದ್ರಮೂರ್ತಿ ಅಂದಿದ್ದು ನೀವೇ. ಶಹಬ್ಬಾಸು ಅವರಿಗೆ, ಬೆಂಕಿ ಇವನಿಗೆ ಅಂದ್ರೆ ಯಾವ ನ್ಯಾಯ?"

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಇವತ್ತಿಗೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ತೀರ್ಪುಗಾರರನ್ನೇ ಕಟಕಟೆಗೆ ಹತ್ತಿಸಿದ ಮೇಲೆ ತೀರ್ಪು ಬರೆಯುವವರು ಯಾರು? ಅಧ್ಯಕ್ಷರು ಚೊಂಬನ್ನು ರುದ್ರಮೂರ್ತಿಗಳ ಕಡೆ ತಳ್ಳಿದರು. ರಾಜಣ್ಣನನ್ನು ಕಾಲೇಜಿನಿಂದ ತೆಗೆಯುವುದಿಲ್ಲ, ದೊಡ್ಡ ಮನಸ್ಸು ಮಾಡಿದ್ದೇವೆ. ಈ ಸಲದ ಪ್ರಾಕ್ಟಿಕಲ್ಲಿಗೆ ಮಾತ್ರ ಕೂರಿಸುವುದಿಲ್ಲ ಎಂದರು. ಹೊರಗೆ ಬಂದಾಗ ರುದ್ರಮೂರ್ತಿಗಳು ಅವನ ಬೆನ್ನು ತಟ್ಟಿ, "ಬರೋ ವರ್ಷ ನೀಟಾಗಿ ಪಾಸ್ ಮಾಡ್ಕೋ ಕಣಯ್ಯಾ" ಎಂದರು. ಕಂಕುಳಲ್ಲಿ ಚೊಂಬು.

ಕಾರ್ಖಾನೆಯವರು ಮುಂದಿನ ವರ್ಷದವರೆಗೆ ಕಾಯುತ್ತಾರೆಯೇ? ಆ ಜಾಗಕ್ಕೆ ಬೇರೆಯವನು ಬಂದ. ರಾಜಣ್ಣ ಆಮೇಲೆ ಪರೀಕ್ಷೆ ಕಟ್ಟಲೇ ಇಲ್ಲ. ಬಿನ್ನಿಪೇಟೆಯ ಒಂದು ಮೋಟಾರು ರಿಪೇರಿ ಅಂಗಡಿಗೆ ಸೇರಿಕೊಂಡ. ನಾನು ಪಾಸಾದೆ, ನನ್ನ ಅಂಗಿಗೆ ಇಸ್ತ್ರಿ ಇತ್ತು.

ರುದ್ರಮೂರ್ತಿಗಳನ್ನು ಕೊನೆಯ ಬಾರಿ ನೋಡಿದ್ದು ಅದಾಗಿ ಎರಡು ವರ್ಷದ ಮೇಲೆ. ಸರ್ಟಿಫಿಕೇಟಿನ ಕೆಲಸಕ್ಕೆ ಪಾಲಿಟೆಕ್ನಿಕ್ಕಿಗೆ ಹೋಗಬೇಕಿತ್ತು. ರಾಜಣ್ಣ ಅವತ್ತು ಅಂಗಡಿಯ ಕೆಲಸಕ್ಕೆ ಮಹಾಲಕ್ಷ್ಮಿ ಲೇಔಟಿನ ಕಡೆ ಹೊರಟಿದ್ದವನು ಸೈಕಲ್ಲಿನಲ್ಲಿ ಡಬಲ್ಸ್ ಕೂರಿಸಿಕೊಂಡು ಬಂದ. "ನಾನು ಗೇಟಲ್ಲೇ ಇರ್ತೀನಿ" ಎಂದವನು ಯಾಕೋ ಜೊತೆಗೇ ಒಳಗೆ ಬಂದ. ಕಾರಿಡಾರಿನಲ್ಲಿ ಹೋಗುವಾಗ ತೆರೆದ ಬಾಗಿಲಿನಿಂದ ಆ ಧ್ವನಿ ಕೇಳಿತು.

"ಬರ್ಕೊಳಿ. ವೇದಿಕೆ ಮೇಲೆ ಎರಡು ಮೇಜು. ಒಂದು ಪರ, ಒಂದು ವಿರೋಧ. ಫುಲ್‌ಸ್ಟಾಪ್."

ನಾನು ನಿಂತೆ. ನನ್ನ ಮೇಜು, ನನ್ನ ಕುರ್ಚಿ, ನನ್ನ ಕೇಳುಗ, ಒಂದನ್ನೂ ಬಿಡದೆ ಡಿಕ್ಟೇಶನ್ ಕೊಡುತ್ತಿದ್ದರು. ಬೋರ್ಡಿನ ಮೇಲೆ ಬಣ್ಣದ ಚಿತ್ರ. ನನ್ನ ವಿವರಣೆಗಿಂತ ಚೆನ್ನಾಗಿಯೇ ಇತ್ತು.

"ಮುಂದಿನ ಪಾಯಿಂಟು. ಕಮ್ಯುಟೇಟರ್ ಹೊಳೆಯಬಾರದು. ಎರಡು ಅಂಡರ್‌ಲೈನ್. ಕಂದು ಬಣ್ಣ ಇರಬೇಕು. ಫುಲ್‌ಸ್ಟಾಪ್."

ಒಬ್ಬ ಹುಡುಗ ಎದ್ದು, "ಯಾಕೆ ಸಾರ್?" ಎಂದ.

ಡಿಗ್ರಿಯವರ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಮೇಷ್ಟ್ರು ಬೆರಳು ಒರೆಸಿಕೊಂಡು, ಎದೆಯುಬ್ಬಿಸಿ ನಿಂತರು.

"ಅನುಭವ ಕಣಯ್ಯಾ. ಪುಸ್ತಕದಲ್ಲಿ ಸಿಗಲ್ಲ ಇದು. ನಾನೇ ಹುಣಸೆಹಣ್ಣು ತಂದು, ನಾನೇ ಮುಂದೆ ನಿಂತು ಉಜ್ಜಿಸಿ, ಒಂದು ಮೆಷಿನ್ನನ್ನ ಸುಟ್ಟು ನೋಡಿದೀನಿ. ಪ್ರಯೋಗಕ್ಕೆ ಅಂತ! ಹಂಗೆ ಕಲೀಬೇಕು."

ಎರಡು ವರ್ಷದ ಹಿಂದೆ ಒಂದು ಚೊಂಬು, ಇಬ್ಬರು ಹಿರಿಯರು, ನನ್ನ ಅಷ್ಟೂ ವಾದ ಸೇರಿ ಅವರ ಬಾಯಿಂದ ಹೊರಡಿಸಲಾಗದ ಮಾತು ಅದು. ಯಾರೂ ಕೇಳದಿದ್ದಾಗ, ಹೆಗ್ಗಳಿಕೆಗೆ, ತಾನಾಗಿಯೇ ಬಂದಿತ್ತು. ಒಳಗೆ ನುಗ್ಗಲು ಹೆಜ್ಜೆಯೆತ್ತಿದೆ. ಅಷ್ಟರಲ್ಲಿ ರಾಜಣ್ಣ ನನ್ನ ಪಕ್ಕದಲ್ಲಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ. ಗ್ರೀಸು ಮೆತ್ತಿದ ಕೈಯನ್ನು ಮೇಲೆತ್ತಿದ್ದ. ಅವನು ಆ ತರಗತಿಯಲ್ಲಿ ಕೈಯೆತ್ತಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಸಾರ್, ಒಂದು ಡೌಟು."

ಹುಡುಗರೆಲ್ಲ ತಿರುಗಿ ನೋಡಿದರು. ರುದ್ರಮೂರ್ತಿಗಳು ಮೊದಲು ಆ ಕೈ ನೋಡಿದರು, ಆಮೇಲೆ ಮುಖ. ಗುರುತು ಸಿಕ್ಕಿತೆಂಬುದು ಕಣ್ಣಿನಲ್ಲಿ ಕಂಡಿತು.

"ಆ ಮೆಷಿನ್ ಉಜ್ಜಿದ ಹುಡುಗ ಏನಾದ ಸಾರ್?"

ಮೇಷ್ಟ್ರು ಜೇಬಿಗೆ ಕೈ ಹಾಕಿ ಹಳದಿ ಬಟ್ಟೆ ತೆಗೆದರು. ಒರೆಸಲು ಏನೂ ಕಾಣಲಿಲ್ಲವೇನೋ, ಹಾಗೆಯೇ ಮುಷ್ಟಿಯಲ್ಲಿ ಹಿಡಿದುಕೊಂಡರು. ಕಣ್ಣು ತಮ್ಮ ಬೂಟಿನ ಮೇಲಿತ್ತು. ಅಲ್ಲಿ ಅವರಿಗೆ ಅವರ ಮುಖ ಚೆನ್ನಾಗಿಯೇ ಕಾಣುತ್ತಿದ್ದಿರಬೇಕು.

"ಅದು ಸಿಲಬಸ್‌ನಲ್ಲಿಲ್ಲ" ಎಂದರು.

ಮುಂದಿನ ಬೆಂಚಿನ ಹುಡುಗ ಅದನ್ನೂ ಬರೆದುಕೊಂಡ.